ಆಲದ ನೆರಳಿನಾಚೆ

"ಇದ್ರಲ್ಲಿ ಮನುಷ್ಯರನ್ನ ಹೊಡೆಯೋದು ಯಾವುದು?"

ಸಾರ್ಜೆಂಟ್ ತುಮನೆಂಗ್ ನಮ್ಮ ಜೋಪಡಿಗಳ ಸೂರಿನಿಂದ ಕಿತ್ತು ತಂದ ಬಾಣಗಳನ್ನೆಲ್ಲ ಬಾಳೆ ಎಲೆಯ ಮೇಲೆ ಸಾಲಾಗಿ ಜೋಡಿಸಿದ್ದ, ಸಂತೆಯಲ್ಲಿ ಮೀನು ಜೋಡಿಸುವವರ ಹಾಗೆ. ನನಗೆ ಮೈಯೆಲ್ಲ ಉರಿದುಹೋಯಿತು. ಒಬ್ಬರ ಬಾಣದ ಮೊನೆಯನ್ನು ಕೇಳದೆ ಮುಟ್ಟುವುದೆಂದರೆ ನಮ್ಮಲ್ಲಿ ಅವರು ಉಣ್ಣುವ ಎಲೆಗೆ ಕೈ ಹಾಕಿದಂತೆ.

"ಮನುಷ್ಯರನ್ನ ಹೊಡೆಯೋಕೆ ಅಂತ ನಾವು ಬಾಣ ಮಾಡಲ್ಲ ಸಾರ್," ಎಂದೆ. "ನಿಮ್ಮ ಸೊಂಟದಲ್ಲಿ ತೂಗ್ತಾ ಇದೆಯಲ್ಲ, ಅದನ್ನ ಯಾವ ಹಕ್ಕಿ ಹೊಡೆಯೋಕೆ ಮಾಡಿದಾರೆ? ಮೊದ್ಲು ಅದನ್ನ ಹೇಳಿ."

ಅವನು ನಕ್ಕ. ಬೈಸಿಕೊಂಡು ನಗುವ ಪೊಲೀಸನನ್ನು ಕಂಡರೆ ನನಗೆ ಭಯ. ತಿರುಗಿ ಬೈಯುವವನು ಒಳಗಿದ್ದದ್ದನ್ನು ಹೊರಗೆ ಹಾಕುತ್ತಾನೆ. ನಗುವವನು ಒಳಗೇ ಇಟ್ಟುಕೊಳ್ಳುತ್ತಾನೆ.

ಬೆಳಿಗ್ಗೆ ಹೊಳೆದಂಡೆಯ ಆಲದ ಮರದ ಬಳಿ ಎಸ್ತೊಂಗ್ ಸತ್ತು ಬಿದ್ದಿದ್ದ, ಅವನ ಗಂಟಲಲ್ಲಿ ನನ್ನ ತಮ್ಮ ಇಗ್ಮೆಯ ಬಾಣ ನಾಟಿಕೊಂಡಿತ್ತು. ಎಸ್ತೊಂಗ್ ಕೆಳಗಿನ ಊರಿನವನು. ಜೋಳ ಹಾಕುತ್ತೇನೆಂದು ನಮ್ಮ ದಂಡೆಗೆ ಬಂದು ಕಾಡು ಕಡಿಯುತ್ತಿದ್ದ. ಆಲವನ್ನೂ ಕಡಿಯುತ್ತೇನೆಂದು ಕೊಡಲಿ ಮಸೆದಾಗ ಇಗ್ಮೆ ಎಲ್ಲರ ಎದುರಿಗೇ ಕೂಗಿದ್ದ: "ಆ ಮರಕ್ಕೆ ಏಟು ಬಿದ್ದ ದಿನ ನಿನಗೂ ಬೀಳುತ್ತೆ." ಇನ್ನೇನು ಬೇಕು? ಈಗ ಇಗ್ಮೆ ಕೈಕಟ್ಟಿಸಿಕೊಂಡು ಪೊಲೀಸರ ಮೋಟಾರು ದೋಣಿಯಲ್ಲಿ ಕೂತಿದ್ದ. ಚಾಪೆ ಸುತ್ತಿದ ಹೆಣವೂ ಅದೇ ದೋಣಿಯಲ್ಲಿತ್ತು.

ಸಮುದ್ರದ ನೀರು ಇಳಿದರೆ, ಹೊಳೆ ಕಡಲಿಗೆ ಸೇರುವ ಅಳಿವೆಯನ್ನು ದಾಟಲಾಗುವುದಿಲ್ಲ. ಅಷ್ಟರೊಳಗೆ ದೋಣಿ ಹೊರಡಲೇಬೇಕು. ಪಟ್ಟಣದ ಜೈಲಿಗೆ ಹೋದ ನಮ್ಮವರು ಯಾರೂ ತಮ್ಮ ಕಾಲ ಮೇಲೆ ನಡೆದು ವಾಪಸು ಬಂದದ್ದನ್ನು ನಾನು ಕಂಡಿಲ್ಲ. ನನ್ನ ಚಿಕ್ಕಪ್ಪನನ್ನು ಹೊತ್ತು ತಂದಿದ್ದರು. ದೋಣಿ ಹೊರಡುವುದರೊಳಗೆ ನಾನು ಏನಾದರೂ ಮಾಡಬೇಕಿತ್ತು.

"ಸರಿ ಅಕ್ಕ, ತಪ್ಪಾಯ್ತು," ಎಂದ ಸಾರ್ಜೆಂಟ್. "ಯಾವುದು ಯಾವುದಕ್ಕೆ ಅಂತ ಹೇಳು. ಅಷ್ಟು ಸಾಕು."

ನಾನು ಕುಕ್ಕರುಗಾಲಲ್ಲಿ ಕೂತೆ. "ಇದು ಕಬ್ಬಿಣದ ಅಲಗು. ಹಂದಿಗೆ, ಜಿಂಕೆಗೆ. ಇದು ಕವಲು ಮೊನೆ, ಬಿದಿರಿಂದು. ಕೊಂಬೆ ತುದೀಲಿ ಕೂತ ಸಣ್ಣ ಹಕ್ಕಿಗೆ. ಒಂದು ಕವಲು ತಪ್ಪಿದ್ರೆ ಇನ್ನೊಂದು ತಗಲುತ್ತೆ. ಇದು ಮೊಂಡು."

ಅವನು ಮೊಂಡನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಒತ್ತಿ ನೋಡಿದ. ಗೋಲಿಯಷ್ಟು ದಪ್ಪಗೆ, ಗುಂಡಗೆ ಕೆತ್ತಿದ ಮರದ ತುದಿ. "ಇದು ಚುಚ್ಚೋದೇ ಇಲ್ವಲ್ಲ?"

"ಚುಚ್ಚಬಾರದು ಅಂತಾನೇ ಸಾರ್ ಅದನ್ನ ಹಾಗೆ ಮಾಡೋದು. ಪಾರಿವಾಳಕ್ಕೆ ಕಬ್ಬಿಣ ಬಿಟ್ಟು ನೋಡಿ, ಮನೆಗೆ ಪುಕ್ಕ ತರ್ತೀರಿ. ತಪ್ಪಿತೋ, ಮೇಲೆ ಕೊಂಬೆಗೆ ಕಚ್ಕೊಂಡು ಕೂರುತ್ತೆ. ಹಕ್ಕೀನೂ ಹೋಯ್ತು, ಬಾಣಾನೂ ಹೋಯ್ತು. ಮೊಂಡಾದ್ರೆ ಬಡಿದು ಕೆಡವುತ್ತೆ, ತಾನೂ ಕೆಳಗೆ ಬರುತ್ತೆ. ಬಾವಲಿ, ಪಾರಿವಾಳ, ಅಳಿಲು, ಎಲ್ಲಕ್ಕೂ ಇದೇ."

"ಇಗ್ಮೆ ಹತ್ರ ಮೊಂಡು ಒಂದೂ ಇರ್ಲಿಲ್ಲ."

"ಅವನಿಗೆಲ್ಲಿದೆ ಅಷ್ಟು ತಾಳ್ಮೆ? ಹಂದಿ ಬಿಟ್ಟು ಬೇರೆ ಏನೂ ಅವನ ಕಣ್ಣಿಗೆ ಬೇಟೆ ಅಲ್ಲ. ಈ ಬಿಡಾರದಲ್ಲಿ ಮೊಂಡು ಹಿಡಿಯೋಳು ನಾನೊಬ್ಳೇ. ನಿನ್ನೆ ಮುಸ್ಸಂಜೇಲೂ ಬಾವಲಿಗೆ ಅಂತ ಆಲದ ಹತ್ರಾನೇ ಕೂತಿದ್ದೆ."

"ಎಸ್ತೊಂಗ್‌ನ ಕಂಡ್ಯಾ?"

"ಕಂಡಿದ್ರೆ ಬೈದು ಓಡಿಸ್ತಿದ್ದೆ."

"ಇವಳ ಕಣ್ಣಿಗೆ ಬಿದ್ದಿದ್ರೆ ನಾಲಿಗೆ ಏಟಿಗೇ ಸಾಯ್ತಿದ್ದ ಸಾರ್, ಬಾಣದ ಖರ್ಚು ಉಳೀತಿತ್ತು," ಎಂದ ನನ್ನ ಗಂಡ ಗಬಿನೊ.

ಒಲೆಯ ಪಕ್ಕದಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದ. ಸಾವಿನ ಮನೆಯಲ್ಲೂ ತಮಾಷೆ ಮಾಡುವ ಜಾತಿ ಅವನು. ನಾನು ಅವನನ್ನು ಮದುವೆಯಾದದ್ದೂ ಆ ನಗುವಿಗೇ. ನನ್ನ ಮೊಂಡುಗಳನ್ನೆಲ್ಲ ಸೀಬೆ ಮರದಲ್ಲಿ ಕೆತ್ತಿಕೊಡುವವನೂ ಅವನೇ. ಇವತ್ತು ಮಾತ್ರ ಯಾರೂ ನಗಲಿಲ್ಲ.

ನಾನು ಬೆಳಗಿನಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತನ್ನು ಆಗ ಹೊರಗೆ ಬಿಟ್ಟೆ.

"ಸಾರ್, ಒಂದು ವಿಷಯ ಕೇಳಿ. ಆ ಆಲದ ಕೆಳಗೆ ನಾವು ಯಾರೂ ಕಬ್ಬಿಣ ಒಯ್ಯಲ್ಲ. ಸೊಂಟದ ಮಚ್ಚನ್ನೂ ಈಚೆಗೇ ಇಟ್ಟು ಹೋಗ್ತೀವಿ. ಮರದಲ್ಲಿರೋ ದೈವಗಳಿಗೆ ಕಬ್ಬಿಣ ಆಗಲ್ಲ. ಅಲ್ಲಿಗೆ ಮರದ ಮೊನೆ, ಬಿದಿರ ಮೊನೆ, ಅಷ್ಟೇ. ಇಗ್ಮೆ ಎಂಥ ಮುಂಗೋಪಿ ಆದ್ರೂ ಆ ಮರದ ಕೆಳಗೆ ಕಬ್ಬಿಣದ ಬಾಣ ಎತ್ತಲ್ಲ, ಎತ್ತಲ್ಲ, ಎತ್ತಲ್ಲ. ಅವನ ಬಾಣ ಯಾರೋ ಕದ್ದಿದಾರೆ. ಕದ್ದೋರು ನಮ್ಮೋರಲ್ಲ. ಮರದ ವಿಷಯ ಗೊತ್ತಿಲ್ದೇ ಇರೋರು."

ಹೇಳಿ ಮುಗಿಸಿದಾಗ ನನಗೇ ನನ್ನ ಬೆನ್ನು ತಟ್ಟಿಕೊಳ್ಳಬೇಕೆನಿಸಿತು. ಕೆಳಗಿನ ಊರಲ್ಲಿ ಎಸ್ತೊಂಗ್‌ಗೆ ಆಗದವರು ಬೇಕಾದಷ್ಟು ಜನ ಇದ್ದರು. ಅವರಲ್ಲಿ ಯಾರನ್ನಾದರೂ ಹಿಡಿದುಕೊಳ್ಳಲಿ, ನನ್ನ ತಮ್ಮನನ್ನು ಬಿಡಲಿ.

ಸಾರ್ಜೆಂಟ್ ಎದ್ದು ನಿಂತು ಪ್ಯಾಂಟಿನ ಮರಳು ಕೊಡವಿದ.

"ಹೆಣ ಮರದ ಕೆಳಗೆ ಇರ್ಲಿಲ್ವಲ್ಲ ಅಕ್ಕ," ಎಂದ. "ಬಾ, ತೋರಿಸ್ತೀನಿ."

* * *

ಆಲದ ಸುತ್ತ ಬಿಸಿಲು ಚುರುಗುಟ್ಟುತ್ತಿತ್ತು. ಮರದ ಅಡಿಯಲ್ಲಿ ಮಾತ್ರ ಒದ್ದೆ ಕತ್ತಲು. ಸೊಂಟದ ಮಚ್ಚನ್ನು ನಾನು ದೂರದಲ್ಲೇ ಹುಲ್ಲಿನ ಮೇಲಿಟ್ಟೆ. ಸಾರ್ಜೆಂಟ್ ಅದನ್ನು ನೋಡಿದ, ತನ್ನ ಪಿಸ್ತೂಲನ್ನು ಮುಟ್ಟಿಕೊಂಡ, ತೆಗೆಯಲಿಲ್ಲ. ಆದರೆ ನೆರಳಿನೊಳಕ್ಕೂ ಕಾಲಿಡಲಿಲ್ಲ. ಭಯ ಯಾರಪ್ಪನ ಮನೆ ಆಸ್ತಿಯೂ ಅಲ್ಲ.

"ಇಲ್ಲಿ ಬಿದ್ದಿದ್ದ," ಎಂದು ಬಯಲಿನ ಹುಲ್ಲನ್ನು ತೋರಿಸಿದ. "ಗಂಟಲಿಗೆ ಬಾಣ ಬಿದ್ದಿದೆ. ರಕ್ತ ಎಷ್ಟು ಬರಬೇಕು? ನೋಡು. ಒಂದು ಕೋಳಿ ಕುಯ್ದಷ್ಟೂ ಇಲ್ಲ."

ನಿಜ. ಹುಲ್ಲಿನ ಬುಡದಲ್ಲಿ ನಾಲ್ಕು ಕಂದು ಹನಿ ಬಿಟ್ಟರೆ ಏನೂ ಇರಲಿಲ್ಲ. ಬೆಳಿಗ್ಗೆ ಹೆಣವನ್ನು ನಾನೂ ನೋಡಿದ್ದೆ. ಗಂಟಲಿನ ಬಾಣ, ಅದರ ಬುಡಕ್ಕೆ ಇಗ್ಮೆ ಸುತ್ತುವ ನೀಲಿ ನೈಲಾನ್ ದಾರ, ಇಷ್ಟನ್ನು ಕಂಡದ್ದೇ ಎದೆ ಹೊಡೆದುಕೊಂಡು ಬೇರೇನೂ ಕಾಣದೇ ಹೋಗಿತ್ತು.

"ಸತ್ತ ಮೇಲೆ ಚುಚ್ಚಿದಾರೆ," ಎಂದೆ.

"ನಾನೂ ಅದನ್ನೇ ಅಂದ್ಕೊಂಡೆ. ಈಗ ಇದು ನೋಡು." ಅವನ ಬೂಟಿನ ತುದಿ ಮರದ ಬುಡದಿಂದ ಹೊರಟು ಬಂದ ಎರಡು ಗೀರುಗಳನ್ನು ತೋರಿಸಿತು. ಹಿಮ್ಮಡಿಯ ಗೀರು. "ಬುಡದಿಂದ ಎಳ್ಕೊಂಡು ಬಂದಿದಾರೆ. ಬಚ್ಚಿಡೋ ಹಾಗಿದ್ರೆ ಅಗೋ ಅಲ್ಲಿ ಪೊದೆ. ಬಿಸಾಕೋ ಹಾಗಿದ್ರೆ ಇಗೋ ಇಲ್ಲಿ ಹೊಳೆ. ಇವನು ಎರಡೂ ಬಿಟ್ಟು ಏರು ಕಡೆ ಎಳೆದಿದಾನೆ. ಅಷ್ಟು ಭಾರದ ಹೆಣಾನ! ಎಳೆದು ಎಳೆದು ಎಲ್ಲರಿಗೂ ಕಾಣೋ ಹಾಗೆ ಬಟಾಬಯಲಲ್ಲಿ ಬಿಟ್ಟಿದಾನೆ. ಆಮೇಲೆ ಕಬ್ಬಿಣ ಚುಚ್ಚಿದಾನೆ. ಯಾಕೆ? ಬೆಳಗಿಂದ ತಲೆ ಕೆಡಿಸ್ಕೊಂಡಿದೀನಿ, ಹೊಳೀತಿಲ್ಲ."

ಗೀರು ನಿಂತ ಜಾಗದಲ್ಲಿ ನಾನು ನಿಂತೆ. ಕತ್ತೆತ್ತಿದೆ.

ನೆತ್ತಿಯ ಮೇಲೆ ಬರಿಯ ಆಕಾಶ. ಒಂದು ಹೆಜ್ಜೆ ಹಿಂದಕ್ಕೆ ಆಲದ ಕಟ್ಟಕಡೆಯ ಕೊಂಬೆಯ ಕಟ್ಟಕಡೆಯ ಎಲೆ.

ಅಯ್ಯೋ ದೇವರೇ, ಇಷ್ಟು ಹೊತ್ತು ನಾನು ಏನು ಬಡಬಡಿಸುತ್ತಿದ್ದೆ? ಮರದ ವಿಷಯ ಗೊತ್ತಿಲ್ಲದವನಾಗಿದ್ದರೆ ಬಿದ್ದಲ್ಲೇ ಚುಚ್ಚಿ ಹೋಗುತ್ತಿದ್ದ. ಹೆಣವನ್ನು ನೆರಳಿನಿಂದ ಆಚೆ ತಂದು, ತಲೆಯ ಮೇಲೆ ಒಂದು ಎಲೆಯೂ ಇಲ್ಲವೆಂದು ನೋಡಿಕೊಂಡು, ಆಮೇಲೆ ಕಬ್ಬಿಣ ಮುಟ್ಟಿದವನು ನಮ್ಮವನು. ನಮ್ಮ ಒಲೆಯ ಮುಂದೆ ಕೂತು ಗೆಣಸು ತಿನ್ನುವವನು. ಪೊಲೀಸರಿಗೆ ಹೆದರದಿದ್ದರೂ ಮರಕ್ಕೆ ಹೆದರಿದವನು.

"ಏನು?" ಎಂದ ಸಾರ್ಜೆಂಟ್.

"ಏನಿಲ್ಲ ಸಾರ್. ಗೊತ್ತಾಗ್ತಿಲ್ಲ."

"ಗೊತ್ತಾಗದೇ ಇರೋರು ಮೇಲೆ ಯಾಕೆ ನೋಡ್ತಾರೆ?" ಅವನೂ ಕತ್ತೆತ್ತಿದ. ಕೊಂಬೆಯ ತುದಿಯನ್ನು ನೋಡಿದ, ಕಾಲ ಕೆಳಗಿನ ಗೀರನ್ನು ನೋಡಿದ, ಹುಲ್ಲಿನ ಮೇಲೆ ನಾನಿಟ್ಟ ಮಚ್ಚನ್ನು ನೋಡಿದ. ಅವನ ಮುಖದಲ್ಲಿ ಬೆಳಕು ಹತ್ತುವುದನ್ನು ನಾನು ನಿಂತು ನೋಡಬೇಕಾಯಿತು. ಹಾಳಾದವನು, ದಡ್ಡನಾಗಿದ್ದರೆ ಇವನ ಗಂಟೇನು ಹೋಗುತ್ತಿತ್ತು!

"ನಡಿ," ಎಂದ. "ನಿನ್ನ ತಮ್ಮ ಬೆಳಗಿಂದ ತುಟಿ ಬಿಚ್ಚಿಲ್ಲ. ನಿಮ್ಮ ಭಾಷೇಲೇ ಕೇಳು. ಅವನಂದಿದ್ದನ್ನ ಅಂದ ಹಾಗೇ ನಂಗೆ ಹೇಳು. ಒಂದು ಮಾತು ನುಂಗಿದ್ರೂ ದೋಣಿ ಹೊರಡುತ್ತೆ."

* * *

ದೋಣಿ ಮರಳಿಗೆ ಮೂತಿ ಇಟ್ಟು ನಿಂತಿತ್ತು. ನೀರು ಆಗಲೇ ಒಂದು ಗೇಣು ಕೆಳಗಿಳಿದಿತ್ತು. ಎಸ್ತೊಂಗನ ಹೆಂಡತಿ ರುಫಿನಾ ತಲೆಗೆ ಕಪ್ಪು ಬಟ್ಟೆ ಹೊದ್ದು ಹೆಣದ ಪಕ್ಕ ದೋಣಿಯಂಚಿನಲ್ಲಿ ಕೂತಿದ್ದಳು. ಅಳುತ್ತಿರಲಿಲ್ಲ. ನಮ್ಮ ಜನ ದಂಡೆಯ ಮೇಲೆ ಗುಂಪುಗೂಡಿದ್ದರು. ಗಬಿನೊ ಬಂದು ನನ್ನ ಬೆನ್ನ ಹಿಂದೆ ನಿಂತ. ಅವನು ಹತ್ತಿರ ಬಂದದ್ದು ನನಗೆ ಧೈರ್ಯವೆನಿಸಿತು.

"ಲೋ ಇಗ್ಮೆ," ಎಂದೆ. "ಹೆಣಾನ ನೆರಳಿಂದ ಆಚೆ ಎಳೆದೋನು ನೀನಾ?"

ಇಗ್ಮೆ ತಲೆಯೆತ್ತಿದ. ಬೆಳಗಿನಿಂದ ನೀರು ಕುಡಿದಿರಲಿಲ್ಲ, ತುಟಿ ಒಡೆದಿತ್ತು. "ಮತ್ತೆ? ಮರದ ಕೆಳಗೇ ಕಬ್ಬಿಣ ಚುಚ್ಚಲಾ?" ಎಂದ, ನಾನೇನೋ ಪೆದ್ದು ಪ್ರಶ್ನೆ ಕೇಳಿದವಳಂತೆ.

"ನೀನು ಕೊಂದ್ಯಾ?"

"ಇಲ್ಲ. ಬೆಳಕು ಹರಿಯೋಕೆ ಮುಂಚೆ ಬಲೆ ಎತ್ತೋಕೆ ಹೋದೆ. ಬುಡದಲ್ಲಿ ಬಿದ್ದಿದ್ದ. ತಣ್ಣಗಾಗಿದ್ದ."

"ಸತ್ತೋನಿಗೆ ನಿನ್ನ ಬಾಣ ಯಾಕೋ ಚುಚ್ಚಿದೆ, ಮುಟ್ಠಾಳ? ತಲೇಲಿ ಏನಿದೆ, ಹೊಟ್ಟಾ?"

"ಗಂಟಲು ನೋಡ್ಲಿ, ತಲೆ ನೋಡದೇ ಇರ್ಲಿ ಅಂತ."

"ತಲೇಲೇನಿತ್ತು?"

ಅವನು ನನ್ನನ್ನೇ ನೋಡಿದ. ಚಿಕ್ಕಂದಿನಲ್ಲಿ ನಾನು ಏನಾದರೂ ಮುರಿದರೆ ಹೀಗೇ ನೋಡುತ್ತಿದ್ದ, ಅವ್ವನಿಗೆ ಹೇಳಲೋ ಬೇಡವೋ ಎಂದು. "ಅಕ್ಕ, ನಿಜವಾಗ್ಲೂ ನಿಂಗೆ ಗೊತ್ತಿಲ್ವಾ?"

"ಹೇಳೋ!"

"ಕಿವಿ ಮೇಲೆ, ಕೂದಲ ಒಳಗೆ ಗುಂಡಗೆ ತಗ್ಗು. ಹೆಬ್ಬೆರಳು ಇಟ್ರೆ ಕೂರುತ್ತೆ. ಪಕ್ಕದಲ್ಲೇ ನಿನ್ನ ಮೊಂಡು ಬಿದ್ದಿತ್ತು. ಭಾವ ಕೆತ್ತಿಕೊಟ್ಟಿದ್ದು. ನಿನ್ನೆ ಸಂಜೆ ನೀನು ಒಯ್ದಿದ್ದು."



ನಿನ್ನೆ ಮುಸ್ಸಂಜೆ ಎಲೆಗಳ ಒಳಗೆ ಕಪ್ಪಗೆ ಏನೋ ಅಲುಗಿತ್ತು. ನಾನು ಮೊಂಡನ್ನು ಹೂಡಿ ಬಿಟ್ಟಿದ್ದೆ. ಟಪ್ ಎಂದು ತಗುಲಿದ ಸದ್ದು ಕೇಳಿತು, ಏನೋ ಕೆಳಗೆ ಬಿತ್ತು. ದೊಡ್ಡ ಬಾವಲಿ ಎಂದುಕೊಂಡೆ. ಆಗಲೇ ಕತ್ತಲಾಗುತ್ತಿತ್ತು. ಆ ಹೊತ್ತಲ್ಲಿ ಆಲದ ಬುಡಕ್ಕೆ ಯಾರೂ ಹೋಗುವುದಿಲ್ಲ, ನಾನೂ ಹೋಗಲಿಲ್ಲ. ಬೆಳಿಗ್ಗೆ ಹೆಕ್ಕಿಕೊಂಡರಾಯಿತು ಎಂದು ಮನೆಗೆ ಬಂದು ಗಂಡನಿಗೂ ಹಾಗೇ ಹೇಳಿದ್ದೆ. ಬೆಳಿಗ್ಗೆ ಎದ್ದರೆ ಈ ಗಲಾಟೆ, ಬಾವಲಿ ಮರೆತೇ ಹೋಗಿತ್ತು.

ಕೊಂಬೆ ಕಡಿಯಲು ಹತ್ತಿದ್ದನೇನೋ ಎಸ್ತೊಂಗ್. ಬಾವಲಿಯಲ್ಲ, ಮನುಷ್ಯನನ್ನು ಕೆಡವಿದ್ದೆ ನಾನು.

"ಮೊಂಡು ಎಲ್ಲಿ?" ಎಂದೆ.

"ಹೊಳೆಗೆ ಬಿಟ್ಟೆ. ನಾನು ಹೇಗಿದ್ರೂ ಎಲ್ಲರ ಮುಂದೆ ಕೂಗಾಡಿದೀನಿ, ಯಾರು ಸತ್ರೂ ನನ್ನನ್ನೇ ಹಿಡೀತಾರೆ. ನಿಂಗೆ ಮಕ್ಕಳಿದಾರೆ. ನಂಗೆ ಯಾರಿದಾರೆ? ಒಂದು ನಾಯಿ, ಅದೂ ನಿನ್ನ ಮನೇಲೇ ತಿನ್ನುತ್ತೆ."

ನನಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಅವನ ಕಾಲು ಹಿಡಿದುಕೊಳ್ಳಬೇಕೆನಿಸಿತು. ಎರಡೂ ಆಗದೆ ಸುಮ್ಮನೆ ದೋಣಿಯ ಅಂಚನ್ನು ಹಿಡಿದು ನಿಂತೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಏನಂದ?" ಎಂದ ಸಾರ್ಜೆಂಟ್.

ನನ್ನ ಬೆನ್ನ ಹಿಂದೆ ಗಬಿನೊ ನಮ್ಮ ಭಾಷೆಯಲ್ಲಿ ಮೆಲ್ಲಗೆ ಅಂದ: "ಹೇಳಬೇಡ, ಇಸ್ಯಾಂಗ್. ಏನೂ ಗೊತ್ತಿಲ್ಲ ಅಂತಾನೆ ಅನ್ನು. ಅಷ್ಟೇ ಅನ್ನು."

ಎಷ್ಟು ಸುಲಭವಿತ್ತು! ಅಲ್ಲಿ ಎರಡೂ ಭಾಷೆ ಬಲ್ಲವರೆಲ್ಲ ನಮ್ಮವರೇ. ಒಂದು ಮಾತು ತಿರುಚಿದ್ದರೆ ನಾನು ಮನೆಗೆ ಹೋಗಿ ಒಲೆ ಹಚ್ಚುತ್ತಿದ್ದೆ, ನನ್ನ ತಮ್ಮ ಅಳಿವೆ ದಾಟುತ್ತಿದ್ದ. ಇಗ್ಮೆ ಕೂಡ ಕಣ್ಣಲ್ಲೇ ಬೇಡುತ್ತಿದ್ದ, ತಿರುಚು ಎಂದು.

"ಎಸ್ತೊಂಗ್‌ಗೆ ಬಾಣ ಬಿಟ್ಟಿದ್ದು ಅಕ್ಕ ಅಂತಿದಾನೆ ಸಾರ್," ಎಂದೆ. "ಹೌದು, ನಾನೇ. ಬಾವಲಿ ಅಂದ್ಕೊಂಡೆ. ಇವನು ನನ್ನ ಬಾಣ ಬಚ್ಚಿಟ್ಟು ತನ್ನದನ್ನ ಚುಚ್ಚಿದಾನೆ. ಪೆದ್ದು ನನ್ಮಗ. ಇವನ ಕೈ ಬಿಚ್ಚಿ."

ದಂಡೆಯ ಮೇಲೆ ಹಾಹಾಕಾರವೆದ್ದಿತು. "ಅಕ್ಕಾ!" ಎಂದು ಇಗ್ಮೆ ಕಿರುಚಿದ. ಸಾರ್ಜೆಂಟ್ ದೋಣಿ ಹತ್ತಿ, ಚಾಪೆಯ ಮಡಿಕೆ ಸರಿಸಿ, ಹೆಣದ ಕೂದಲಲ್ಲಿ ಬೆರಳಾಡಿಸಿದ. ಅವನ ಬೆರಳು ಒಂದು ಕಡೆ ನಿಂತಿತು.

"ಇದೆ," ಎಂದ. "ಹತ್ತು ಅಕ್ಕ. ಇಬ್ಬರೂ ಬರಬೇಕಾಗುತ್ತೆ."

ನಾನು ಸೀರೆಯಂತೆ ಸುತ್ತಿದ್ದ ಬಟ್ಟೆಯನ್ನು ಮೊಳಕಾಲಿಗೆತ್ತಿ ನೀರಿಗೆ ಕಾಲಿಟ್ಟೆ.

"ಎಷ್ಟೊತ್ತಿಗೆ?"

ರುಫಿನಾ ಕೇಳಿದ್ದಳು. ಬೆಳಗಿನಿಂದ ಅವಳ ಬಾಯಿಂದ ಬಂದ ಮೊದಲ ಮಾತು.

"ಏನು?" ಎಂದೆ.

"ನೀನು ಬಾಣ ಬಿಟ್ಟಿದ್ದು ಎಷ್ಟೊತ್ತಿಗೆ?"

"ಮುಸ್ಸಂಜೆ. ಬಾವಲಿ ಏಳೋ ಹೊತ್ತು."

"ಬಾವಲಿ ಏಳೋ ಹೊತ್ತಲ್ಲಿ ಅವರು ಮನೇಲಿದ್ರು," ಎಂದಳು ರುಫಿನಾ. "ನನ್ನ ಮುಂದೇನೇ ಕೂತು ಉಣ್ತಿದ್ರು. ಒಣಮೀನು ಉಪ್ಪಾಗಿದೆ ಅಂತ ತಟ್ಟೆ ತಳ್ಳಿದ್ರು."

ಸಾರ್ಜೆಂಟ್ ಗಕ್ಕನೆ ತಿರುಗಿದ. "ಸರಿಯಾಗಿ ನೆನಪಿದೆಯಾ?"

"ಕಡೇ ಊಟ ಸಾರ್. ಮರೆಯೋದು ಹೇಗೆ?"

ನನಗೆ ಉಸಿರು ಬಂದಿತು. ಹಾಗಾದರೆ ನಾನು ಕೆಡವಿದ್ದು ಬಾವಲಿಯೇ! ನಾನಲ್ಲ, ನಾನಲ್ಲ! ಮರುಕ್ಷಣವೇ ಇನ್ನೊಂದು ಯೋಚನೆ ಬಂದಿತು. ಹಾಗಾದರೆ ನನ್ನ ಮೊಂಡು ಎಸ್ತೊಂಗನ ಪಕ್ಕಕ್ಕೆ ಹೇಗೆ ಬಂತು? ಅದನ್ನು ಯಾರೋ ಬುಡದಿಂದ ಹೆಕ್ಕಿರಬೇಕು. ನಿನ್ನೆ ಸಂಜೆ ನಾನೊಂದು ಬಾಣ ಅಲ್ಲಿ ಬಿಟ್ಟು ಬಂದೆ ಎಂದು ಗೊತ್ತಿದ್ದವರು.

"ಉಂಡಾದ ಮೇಲೆ?" ಸಾರ್ಜೆಂಟ್ ಕೇಳಿದ.

"ಮಲಗೋ ಹೊತ್ತಿಗೆ ಹೊರಗೆ ಕರೆದ್ರು. ಟಾರ್ಚ್ ತಗೊಂಡು ಹೋದ್ರು. ಬರ್ಲಿಲ್ಲ."

"ಯಾರು ಕರೆದಿದ್ದು?"

ರುಫಿನಾ ತಲೆಯ ಮೇಲಿನ ಬಟ್ಟೆಯನ್ನು ಹಿಂದಕ್ಕೆ ಸರಿಸಿದಳು. ಅವಳ ಕಣ್ಣು ನನ್ನ ಮುಖಕ್ಕೆ ಬಂತು, ನನ್ನ ಹೆಗಲನ್ನು ದಾಟಿ ಹಿಂದಕ್ಕೆ ಹೋಯಿತು, ಅಲ್ಲೇ ನಿಂತಿತು.

"ಇವಳ ಗಂಡ," ಎಂದಳು.

ನಾನು ತಿರುಗಿದೆ. ಸುಳ್ಳು ಎಂದು ಅವನು ಈಗ ಕೂಗುತ್ತಾನೆ, ಈಗ ನಗುತ್ತಾನೆ, ಈಗ ಏನಾದರೂ ತಮಾಷೆ ಮಾಡುತ್ತಾನೆ ಎಂದು ಕಾದೆ. ಗಬಿನೊ ನಗಲಿಲ್ಲ. ಸಾರ್ಜೆಂಟನ ಕಡೆಗೂ ರುಫಿನಾಳ ಕಡೆಗೂ ನೋಡಲಿಲ್ಲ. ನನ್ನೊಬ್ಬಳನ್ನೇ ನೋಡುತ್ತ, ಮನೆಯಲ್ಲಿ ಮಾತಾಡುವಷ್ಟೇ ಮೆಲ್ಲಗೆ, ನಮ್ಮ ಭಾಷೆಯಲ್ಲಿ ಅಂದ:

"ಆ ಬಾಣ ನಾನು ಅಲ್ಲಿ ಇಟ್ಟಿದ್ದು ನಿನ್ನನ್ನ ಸಿಕ್ಕಿಸೋಕಲ್ಲ, ಇಸ್ಯಾಂಗ್. ಬಾವಲಿ ಬಾಣ ತಪ್ಪಿ ಬಡೀತು ಅಂತ ಬಿಟ್ಟುಬಿಡ್ತಾರೆ ಅಂದ್ಕೊಂಡೆ."

ಸಾರ್ಜೆಂಟ್ ತುಮನೆಂಗ್ ದೋಣಿಯಿಂದ ನೀರಿಗಿಳಿದು ನನ್ನ ಪಕ್ಕಕ್ಕೆ ಬಂದು ನಿಂತ, ಗಬಿನೊ ಅಂದದ್ದನ್ನು ನಾನು ಅಂದ ಹಾಗೇ ತನ್ನ ಭಾಷೆಯಲ್ಲಿ ಹೇಳಲಿ ಎಂದು.